ಪಿನ್ ಚುಚ್ಚಿದ್ದು ಅಂಚಿಗೆ, ಬೂಷ್ಟು ಬಂದಿದ್ದು ನಡುವಿಗೆ: ಒಂದು ಹಾಳೆ ತಟ್ಟೆ ಯೂನಿಟ್ಟಿನ ಕಥೆ

ಹೋದ ವರ್ಷ ಆಷಾಢದಲ್ಲಿ, ಪುನರ್ವಸು ಮಳೆ ಹಗಲು ರಾತ್ರಿ ಬಿಡದೆ ಹೊಡೀತಿದ್ದಾಗ, ಅಣ್ಣನ ಫೋನ್ ಬಂತು. ಅಣ್ಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ, ಹೊಸನಗರದ ಕಡೆ ತೋಟ, ಮನೆ ಪಕ್ಕದ ಶೆಡ್ಡಲ್ಲಿ ಅಡಿಕೆ ಹಾಳೆ ತಟ್ಟೆ ಮಾಡೋ ಯೂನಿಟ್. "ಬೆಂಗ್ಳೂರಿಂದ 40 ಬಾಕ್ಸ್ ವಾಪಸ್ ಬಂತು ಮಾರಾಯ, ಬರೀ ಬೂಷ್ಟು. ನೀನು ಯಾವಾಗ್ಲೂ ಕ್ವಾಲಿಟಿ ಕ್ವಾಲಿಟಿ ಅಂತಿರ್ತೀಯಲ್ಲ, ಬಂದು ನೋಡು" ಅಂದ. ನಾನು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫೌಂಡ್ರಿಯಲ್ಲಿ ಏಳು ವರ್ಷ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ ಇದ್ದವನು, ಕಬ್ಬಿಣದ ಎರಕಕ್ಕೂ ಹಾಳೆ ತಟ್ಟೆಗೂ ಎಂತ ಸಂಬಂಧ ಅಂತ ನಂಗೇ ಅನುಮಾನ ಇತ್ತು, ಆದ್ರೂ ಶನಿವಾರ ಬಸ್ ಹತ್ತಿದೆ.

ಯೂನಿಟ್ ದೊಡ್ಡದೇನಲ್ಲ. ನಾಲ್ಕು ಪ್ರೆಸ್ಸು, ಏಳು ಜನ ಹೆಂಗಸ್ರು, ಒಬ್ಬ ಹುಡುಗ. ಬೇಸಿಗೇಲಿ ಸುತ್ತಮುತ್ತಲ ತೋಟದಲ್ಲಿ ಉದುರಿದ ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಆರಿಸಿ ತಂದು ಒಣಗಿಸಿ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದ್ರೆ ಮಳೆಗಾಲ ಪೂರ್ತಿ ಅದೇ ಸ್ಟಾಕು. ದಿನಕ್ಕೆ ಬೇಕಾದಷ್ಟು ಇಳಿಸಿ ತೊಟ್ಟಿ ನೀರಲ್ಲಿ ನೆನೆಸಿ, ಬ್ರಷ್ಷಲ್ಲಿ ತಿಕ್ಕಿ, ನೀರು ಬಸಿಯೋಕೆ ನಿಲ್ಲಿಸಿ, ಆಮೇಲೆ ಬಿಸಿ ಡೈ, ಅಂದ್ರೆ ತಟ್ಟೆ ಅಚ್ಚಿನ ಮಧ್ಯ ಇಟ್ಟು ಒತ್ತೋದು. ಅಂಟಿಲ್ಲ, ಬಣ್ಣ ಇಲ್ಲ, ಬಿಸಿ ಮತ್ತೆ ಒತ್ತಡ ಅಷ್ಟೇ. (ಅಮೆರಿಕಕ್ಕೆ ಕಳಿಸೋರ ತಲೆನೋವು ಬೇರೆ. 2025ರಲ್ಲಿ ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ, ಅಡಿಕೆಯ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಊಟಕ್ಕೆ ಇಳಿಯುತ್ತೆ ಅಂತ ಹಾಳೆ ತಟ್ಟೆಗೆ ಬಾಗಿಲು ಹಾಕ್ತು. ಅದು ಚಾರ್ಟ್ ಬರೆದು ಸರಿ ಮಾಡೋ ವಿಷಯ ಅಲ್ಲ, ಇಲ್ಲಿ ಹೇಳ್ತಿರೋದು ಬರೀ ಬೂಷ್ಟಿನ ಕಥೆ.)

ನಾನು ಹೋಗೋ ಹೊತ್ತಿಗೆ ಅಣ್ಣ ಪರಿಹಾರನೂ ಹುಡುಕಿ ಆಗಿತ್ತು. ಪ್ಯಾಕಿಂಗ್ ಟೇಬಲ್ಲಿಗೆ ಇನ್ನಿಬ್ರನ್ನ ಹಾಕೋದು, ಒಂದೊಂದೇ ತಟ್ಟೆ ಬಟ್ಟೇಲಿ ಒರೆಸಿ ನೋಡೋದು. ಜೊತೆಗೆ ಮೂರನೇ ಪ್ರೆಸ್ಸಿನ ಅಕ್ಕ ಅವಸರ ಮಾಡ್ತಾಳೆ, ಎಲ್ಲಾ ಅವಳಿಂದಾನೇ ಆಗಿದ್ದು ಅಂತ ತೀರ್ಮಾನ. ನಾನು ಒಂದೇ ಪ್ರಶ್ನೆ ಕೇಳ್ದೆ, ಪ್ಯಾಕ್ ಮಾಡೋ ದಿನ ಬೂಷ್ಟು ಕಣ್ಣಿಗೆ ಕಾಣುತ್ತಾ? ಇಲ್ಲ, ಹತ್ತು ಹದಿನೈದು ದಿನ ಬೇಕು. ಹಂಗಾದ್ರೆ ಅವತ್ತು ಇಲ್ಲದೇ ಇರೋದನ್ನ ನಾಲ್ಕು ಕಣ್ಣು ನೋಡಿದ್ರೂ ಅಷ್ಟೇ ನಲವತ್ತು ಕಣ್ಣು ನೋಡಿದ್ರೂ ಅಷ್ಟೇ ಅಲ್ವಾ? ಫೌಂಡ್ರಿಯಲ್ಲೂ ಇದೇ ಜಗಳ, ಎರಕದ ಒಳಗಿನ ಗಾಳಿಗುಳ್ಳೆ ಮೇಲಿಂದ ಎಷ್ಟು ಉಜ್ಜಿದ್ರೂ ಕಾಣಲ್ಲ.

ಮೊದ್ಲು ಮಾಡಿದ್ದು ವಾಪಸ್ ಬಂದ ಬಾಕ್ಸ್ ಒಡೆಯೋ ಕೆಲಸ. ಅಣ್ಣ ಅದನ್ನ ಮಳೆಗೆ ಎಸೆಯೋಕೆ ರೆಡಿ ಮಾಡಿದ್ದ, ತಡೆದೆ, ನಮಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಗುತ್ತೆ. 40 ಬಾಕ್ಸಿಗೆ ಚೀಟಿ ಎತ್ತಿ 12 ಆರಿಸಿದ್ವಿ, ಒಂದರಲ್ಲಿ 200 ತಟ್ಟೆ, ಒಟ್ಟು 2400. ಅತ್ತಿಗೆ ನೋಟ್‌ಬುಕ್ ಹಿಡ್ಕೊಂಡು ಕೂತ್ರು, ನಾನು ಕೂಗಿದ ಹಾಗೆ ನಾಲ್ಕು ಗೀಟು, ಐದನೇದು ಅಡ್ಡ ಗೀಟು. ಸಂಜೆ ಲೆಕ್ಕ ಹಾಕಿದ್ರೆ ಕೆಟ್ಟಿದ್ದು 532. ಅದರಲ್ಲಿ ಬೂಷ್ಟು 388, ಸೀಳು 61, ಕಲೆ 44 (ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ನೀಲಿ ಕಲೇನೂ ಇದ್ರಲ್ಲೇ ಬಂತು), ಸೊಟ್ಟ ಆಗಿದ್ದು 27, ಉಳಿದಿದ್ದು 12. ನೂರಕ್ಕೆ 73 ಬೂಷ್ಟು ಒಂದೇ. ಇಟಲಿಯ ಅರ್ಥಶಾಸ್ತ್ರಜ್ಞ ಪರೆಟೊ ಆಸ್ತಿಯ ಹೆಚ್ಚಿನ ಪಾಲು ಕೆಲವರ ಕೈಲೇ ಇದೆ ಅಂತ ಕಂಡಿದ್ದನ್ನ ಕ್ವಾಲಿಟಿ ತಜ್ಞ ಜೋಸೆಫ್ ಜುರಾನ್ ಕಾರ್ಖಾನೆಯ ತಪ್ಪುಗಳಿಗೆ ತಂದು (ಹೆಚ್ಚಿನ ತಪ್ಪು ಕೆಲವೇ ಕಾರಣದಿಂದ) ಅದೇ ಹೆಸರಿಟ್ಟರು, ನಮ್ಮಲ್ಲಿ ಅದಕ್ಕೆ ಗ್ರಾಫೂ ಬೇಕಾಗ್ಲಿಲ್ಲ, ಗೀಟಿನ ಸಾಲು ನೋಡಿದ್ರೆ ಸಾಕಿತ್ತು. ಅಣ್ಣಂಗೆ ಸೀಳಿನ ಮೇಲೂ ಸಿಟ್ಟಿತ್ತು, ಅದು ಆಮೇಲೆ ನೋಡಣ ಅಂದೆ. (ಆಮೇಲೆ ಅದೇ ನಮ್ಮನ್ನ ಹುಡುಕ್ಕೊಂಡು ಬಂತು.)

ಇನ್ನೊಂದು ಕೆಲಸ ಮಾಡಿದ್ವಿ, ಇದೇ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು. ಒಂದು ಕಾಗದದ ಮೇಲೆ ತಟ್ಟೆಯಷ್ಟೇ ದೊಡ್ಡ ದುಂಡು ಬರೆದು, ಬೂಷ್ಟು ಎಲ್ಲಿದೆಯೋ ಅಲ್ಲಿ ಚುಕ್ಕೆ ಇಡೋದು. ನೂರು ತಟ್ಟೆ ಆಗೋ ಹೊತ್ತಿಗೆ ಕಾಗದದ ನಡುವೆ ಇರುವೆ ಮುತ್ತಿದ ಹಾಗೆ ಕಪ್ಪಾಗಿತ್ತು, ಅಂಚಲ್ಲಿ ಅಲ್ಲೊಂದು ಇಲ್ಲೊಂದು. ಹಾಳೆ ನೋಡಿದೋರಿಗೆ ಇದರ ಕಾರಣ ಗೊತ್ತು, ಹಾಳೆಯ ನಡು ಭಾಗ ದಪ್ಪ, ಎರಡೂ ಬದಿ ಹೋಗ್ತಾ ಹೋಗ್ತಾ ತೆಳು. ತಟ್ಟೆ ಕತ್ತರಿಸುವಾಗ ನಡು ನಡುವಿಗೇ ಬರುತ್ತೆ. ದಪ್ಪ ಇರೋ ಕಡೆ ನೀರು ಒಳಗೇ ಕೂತಿರುತ್ತೆ.

"ಆದ್ರೆ ನಾವು ತೇವ ನೋಡ್ತೀವಲ್ಲ" ಅಂದ ಅಣ್ಣ. ನಿಜ, ಮರದ ತೇವ ನೂರಕ್ಕೆ ಎಷ್ಟು ಅಂತ ತೋರಿಸೋ ಎರಡು ಪಿನ್ನಿನ ಮೀಟರ್ ತಂದಿಟ್ಟಿದ್ದ, ಪ್ಯಾಕಿಂಗ್ ಅಕ್ಕ ದಿನಾ ಹತ್ತು ತಟ್ಟೆಗೆ ಚುಚ್ಚಿ ಪುಸ್ತಕದಲ್ಲಿ ಬರೀತಿದ್ಳು. ಪುಸ್ತಕ ತೆಗೆದ್ರೆ 8, 9, 8, 8, 9, ಮೂರು ತಿಂಗಳು ಇದೇ ಪಾರಾಯಣ. ಹೊರಗೆ ಮಳೆ ಸುರೀತಿದ್ರೂ 8, ಬಿಸಿಲಿದ್ರೂ 8. ಇಷ್ಟು ಚೆಂದದ ನಂಬರ್ ನೋಡಿದ್ರೆ ಕ್ವಾಲಿಟಿಯವರಿಗೆ ಖುಷಿ ಆಗಲ್ಲ, ಭಯ ಆಗುತ್ತೆ. ನಂಗೆ ಮೊದ್ಲು ಅನಿಸಿದ್ದು ಕೂತಲ್ಲೇ ಬರೆದಿದ್ದಾರೆ ಅಂತ. ತಪ್ಪು ತಿಳಿದಿದ್ದೆ. ಅಕ್ಕನ ಪಕ್ಕ ನಿಂತು ನೋಡಿದೆ, ಅವಳು ಶ್ರದ್ಧೆಯಿಂದ ಒಂದೊಂದೇ ತಟ್ಟೆ ಎತ್ತಿ, ಅಂಚಿನ ಮಡಿಕೆ ಕೆಳಗೆ, ಕಾಣದ ಜಾಗದಲ್ಲಿ, ಎಷ್ಟು ನಾಜೂಕಾಗಿ ಚುಚ್ಚ್ತಿದ್ಳು ಅಂದ್ರೆ! ಅದೇ ತಟ್ಟೆ ಇಸ್ಕೊಂಡು ನಡುವೆ ಚುಚ್ಚಿದೆ. 16.

ಶೆಡ್ಡಲ್ಲಿ ಪ್ರೆಸ್ಸಿನ ಸದ್ದು ಬಿಟ್ರೆ ಬೇರೆ ಸದ್ದಿಲ್ಲ.

"ಅಕ್ಕ, ಅಂಚಿಗೇ ಯಾಕೆ ಚುಚ್ಚೋದು?" ಅಂದೆ. "ನಡುವೆ ಚುಚ್ಚಿದ್ರೆ ತೂತು ಕಾಣ್ತದಲ್ಲ." "ಕಂಡ್ರೆ ಎಂತಾಯ್ತು?" ಅವಳು ಅಣ್ಣನ ಮುಖ ನೋಡಿದ್ಳು, ಅಣ್ಣ ಮಳೆ ನೋಡಿದ. ಅತ್ತಿಗೆನೇ ಹೇಳಿದ್ರು, "ಬೇಸಿಗೇಲಿ ಒಬ್ರು ತೂತಿನ ತಟ್ಟೆ ಬಂತು ಅಂತ ಫೋನ್ ಮಾಡಿದ್ರು, ಅವತ್ತು ಇವ್ರು ಶೆಡ್ಡಿಗೆ ಬಂದು ಕೂಗಾಡಿದ್ರು, ಹತ್ತು ತಟ್ಟೆ ದುಡ್ಡು ಕೂಲಿಯಲ್ಲಿ ಹಿಡೀತೀನಿ ಅಂತ." ಹಿಡಿದಿರಲಿಲ್ಲ, ಆದ್ರೆ ಮಾತು ಸಾಕಾಯ್ತಲ್ಲ. ಟೊಯೋಟಾದೋರು ಐದು ಸಲ ಯಾಕೆ ಅಂತ ಕೇಳಿ ಅಂತಾರೆ. ಬೂಷ್ಟು ಯಾಕೆ, ತೇವ ಇತ್ತು. ಗೊತ್ತಾಗ್ಲಿಲ್ಲ ಯಾಕೆ, ಮೀಟರ್ ಕಮ್ಮಿ ತೋರಿಸ್ತು. ಯಾಕೆ, ಅಂಚಿಗೆ ಚುಚ್ಚಿದ್ರು. ಯಾಕೆ, ನಡುವೆ ತೂತು ಕಾಣುತ್ತೆ. ಕಂಡ್ರೆ ಯಾಕೆ ಹೆದರಿಕೆ, ಯಜಮಾನ್ರು ಬೈತಾರೆ. ಮೂರನೇ ಪ್ರೆಸ್ಸಿನ ಅಕ್ಕನ ಮೇಲೆ ಹೊರಟಿದ್ದ ಕೇಸು ಐದನೇ ಯಾಕೆ ಹೊತ್ತಿಗೆ ಅಣ್ಣನ ಅಂಗಳಕ್ಕೇ ಬಂದು ನಿಂತಿತ್ತು. ಫೌಂಡ್ರಿಯಲ್ಲಿ ಈ ಐದು ಯಾಕೆ ಫಾರಂ ನಾನೇ ನೂರಾರು ತುಂಬಿದ್ದೀನಿ, ಸತ್ಯ ಹೇಳ್ಬೇಕಂದ್ರೆ ಮುಕ್ಕಾಲು ಪಾಲು ಟೇಬಲ್ ಮುಂದೆ ಕೂತು ಬರೆದಿದ್ದೇ, ಕೊನೇ ಸಾಲು ಯಾವಾಗ್ಲೂ "ಆಪರೇಟರ್‌ಗೆ ತರಬೇತಿ ಕೊಡಲಾಯಿತು". ಅಲ್ಲೇ ನಿಂತು ಕೇಳಿದ್ರೆ ಮಾತ್ರ ಅದು ಕೆಲಸ ಮಾಡೋದು.

ಈಗ ಎಷ್ಟು ತೇವ ಇದ್ರೆ ಅಡ್ಡಿಲ್ಲ ಅನ್ನೋದು ಪ್ರಶ್ನೆ. ಮೊದ್ಲು ಮೀಟರ್ ನಂಬಬಹುದಾ ನೋಡಬೇಕಿತ್ತು, ಯಾಕಂದ್ರೆ ಅದು ಮರಕ್ಕೆ ಮಾಡಿದ್ದು, ಹಾಳೆಗಲ್ಲ. ಒಂದು ತಟ್ಟೆ ಸಣ್ಣ ಡಿಜಿಟಲ್ ತಕ್ಕಡೀಲಿ ತೂಗಿದ್ವಿ, 24.0 ಗ್ರಾಂ. ಅತ್ತಿಗೆಯ ಕೇಕ್ ಓವನ್ನಲ್ಲಿ ನೂರು ಚಿಲ್ಲರೆ ಡಿಗ್ರಿಯಲ್ಲಿಟ್ಟು, ತೂಕ ಇನ್ನು ಇಳಿಯಲ್ಲ ಅನ್ನೋವರೆಗೂ ಒಣಗಿಸಿ ತೂಗಿದ್ರೆ 20.9. ಹೋಗಿದ್ದು 3.1 ಗ್ರಾಂ ನೀರು. ಮರದ ಲೆಕ್ಕದಲ್ಲಿ ಒಣಗಿದ ತೂಕದಿಂದ ಭಾಗಿಸಬೇಕು, 14.8 ಬಂತು, ಮೀಟರ್ 16 ತೋರಿಸಿತ್ತು. ಹತ್ತು ತಟ್ಟೆಗೆ ಹಿಂಗೇ ಮಾಡಿದ್ವಿ, ಹೆಚ್ಚುಕಮ್ಮಿ ಒಂದು ಜಾಸ್ತಿ ತೋರಿಸುತ್ತೆ, ಆದ್ರೆ ಒಂದೇ ಸಮ ಜಾಸ್ತಿ ತೋರಿಸುತ್ತೆ, ಅಷ್ಟು ಸಾಕು. ಆಮೇಲೆ 40 ತಟ್ಟೆ ತಗೊಂಡು ನಡುವಿನ ರೀಡಿಂಗ್ ಪ್ರಕಾರ ನಾಲ್ಕು ಗುಂಪು ಮಾಡಿ, ಯಾವಾಗ್ಲೂ ಹಾಕೋ ಅದೇ ಕವರಲ್ಲಿ ಪ್ಯಾಕ್ ಮಾಡಿ ಅಟ್ಟದ ಮೇಲೆ ಇಟ್ಟು ಹದಿನೈದು ದಿನ ಮರೆತ್ವಿ. 13ರ ಮೇಲಿದ್ದ ಹತ್ತರಲ್ಲಿ 9ಕ್ಕೆ ಬೂಷ್ಟು, 11ರಿಂದ 13ರಲ್ಲಿ 4ಕ್ಕೆ, ಅದಕ್ಕಿಂತ ಕೆಳಗಿನ ಎರಡು ಗುಂಪಲ್ಲಿ ಒಂದೂ ಇಲ್ಲ. ಹತ್ತತ್ತು ತಟ್ಟೆ ಅಂದ್ರೆ ದೊಡ್ಡ ಪ್ರಯೋಗ ಏನಲ್ಲ, ಆದ್ರೆ ಗೆರೆ ಎಲ್ಲಿ ಎಳೀಬೇಕು ಅಂತ ಹೇಳೋಕೆ ಅಷ್ಟು ಸಾಕಾಯ್ತು. 11 ದಾಟಿದ್ರೆ ಕೆಟ್ಟ ತಟ್ಟೆ. ಹದಿನೈದು ದಿನ ಕಾಯೋ ಬದಲು ಅವತ್ತೇ ಗೊತ್ತಾಗೋ ಹಾಗಾಯ್ತು.

ಅಲ್ಲಿಂದ ದಿನಾ 50 ತಟ್ಟೆ, ನಾಲ್ಕೂ ಪ್ರೆಸ್ಸಿಂದ, ಹೊತ್ತು ಹೊತ್ತಿಗೆ ಎತ್ತಿ, ನಡುವೆ ಚುಚ್ಚಿ, 11 ದಾಟಿದ್ದು ಎಷ್ಟು ಅಂತ ಗೋಡೆಗೆ ಅಂಟಿಸಿದ ಗ್ರಾಫ್ ಹಾಳೇಲಿ ಚುಕ್ಕೆ. ಚುಚ್ಚಿದ ತಟ್ಟೆ ಎಂತ ಮಾಡೋದು ಅಂತ ಅಣ್ಣಂಗೆ ಸಂಕಟ, ಅತ್ತಿಗೆ ಊರ ದೇವಸ್ಥಾನದ ಸಂತರ್ಪಣೆಗೆ ಕೊಡ್ತೀನಿ ಅಂದ್ರು, ಅನ್ನದ ರಾಶಿ ಕೆಳಗೆ ಎರಡು ಪಿನ್ನಿನ ತೂತು ಯಾರು ಹುಡುಕ್ತಾರೆ. ಆ ಗೋಡೆ ಮೇಲೆ ನಾನು ತಪ್ಪಿನ ಕಾರಣಗಳನ್ನ ಮುಳ್ಳಿನ ಹಾಗೆ ಜೋಡಿಸಿ ತೋರಿಸೋ ಇಶಿಕಾವಾ ಮೀನಿನ ಮುಳ್ಳಿನ ಚಿತ್ರಾನೂ ಬರೆದಿದ್ದೆ, ಜನ, ಮೆಷಿನ್ನು, ಹಾಳೆ, ವಿಧಾನ ಅಂತ. ನಾಲ್ಕು ತಲೆಮಾರಿಂದ ಮೀನು ಒಳಗೆ ಬರದ ಮನೆಗೆ ನೀನು ಮುಳ್ಳು ತಂದ್ಯಾ ಅಂತ ದೊಡ್ಡಮ್ಮ ನಕ್ಕಿದ್ದು ಬಿಟ್ರೆ ಅದರಿಂದ ಇಲ್ಲಿ ಹೆಚ್ಚೇನೂ ಹೊರಡಲಿಲ್ಲ.

ನಾಲ್ಕು ವಾರ, 24 ಕೆಲಸದ ದಿನ, 1200 ತಟ್ಟೆ, 11 ದಾಟಿದ್ದು 288. ದಿನಕ್ಕೆ ಸರಾಸರಿ 12. ಈ ನಾಲ್ಕು ವಾರದಲ್ಲಿ ಅಣ್ಣನ ಸ್ವಭಾವ ನೋಡಬೇಕಿತ್ತು. 17 ಬಂದ ದಿನ ಶೆಡ್ಡಿಗೆ ಹೋಗಿ ಎಲ್ಲರಿಗೂ ಬೈದು ಡೈ ಬಿಸಿ ಹತ್ತು ಡಿಗ್ರಿ ಏರಿಸೋದು, ಮಾರನೇ ದಿನ ಸುಟ್ಟ ಕಲೆ ಬಂತು ಅಂತ ಹದಿನೈದು ಇಳಿಸೋದು, 7 ಬಂದ ದಿನ ಎಲ್ಲರಿಗೂ ಬೋಂಡಾ ತರಿಸೋದು, ಅದರ ಮಾರನೇ ದಿನ 13 ಬಂದ್ರೆ "ಬೋಂಡಾ ತಿಂದು ಸೋಮಾರಿಗಳಾದ್ರು" ಅನ್ನೋದು.

1924ರ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದ ವಾಲ್ಟರ್ ಶೂಹಾರ್ಟ್ ತನ್ನ ಮೇಲಿನವರಿಗೆ ಒಂದು ಪುಟದ ಟಿಪ್ಪಣಿ ಕೊಟ್ರು, ಅದರಲ್ಲಿ ಒಂದು ಗ್ರಾಫು, ಅದೇ ಇವತ್ತಿನ ಕಂಟ್ರೋಲ್ ಚಾರ್ಟಿನ ಮೂಲ. ವಿಷಯ ಇಷ್ಟೇ, ಯಾವ ಕೆಲಸದಲ್ಲೂ ದಿನದಿಂದ ದಿನಕ್ಕೆ ಸ್ವಲ್ಪ ಏರುಪೇರು ಇದ್ದೇ ಇರುತ್ತೆ, ಆ ಏರುಪೇರು ಎಷ್ಟರವರೆಗೆ ಬರೀ ಏರುಪೇರು, ಎಲ್ಲಿಂದಾಚೆ ಏನೋ ಬೇರೆ ನಡೆದಿದೆ ಅಂತ ಗೆರೆ ಎಳೆಯೋದು. ನಮ್ಮ ಲೆಕ್ಕಕ್ಕೆ: ಸರಾಸರಿ 12, ಅಂದ್ರೆ 50ರಲ್ಲಿ ನೂರಕ್ಕೆ 24, ಒಳ್ಳೇದು 76. 12ನ್ನ 0.76ರಿಂದ ಗುಣಿಸಿದ್ರೆ 9.12, ಅದರ ವರ್ಗಮೂಲ 3 ಚಿಲ್ಲರೆ, ಅದರ ಮೂರು ಪಟ್ಟು 9. ಮೇಲಿನ ಗೆರೆ 21, ಕೆಳಗಿನ ಗೆರೆ 3. ಅಣ್ಣ ಬೈದ 17ನೂ ಬೋಂಡಾ ತರಿಸಿದ 7ನೂ ಎರಡೂ ಒಳಗೇ.

ಅಣ್ಣಂಗೆ ವರ್ಗಮೂಲ ರುಚಿಸಲಿಲ್ಲ. ಆಗ ಎಡ್ವರ್ಡ್ಸ್ ಡೆಮಿಂಗ್ ಅವರ ಕೆಂಪು ಮಣಿ ಆಟ ನೆನಪಾಯ್ತು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಂಪನಿಯವರಿಗೆ ಈ ಅಂಕಿಅಂಶದ ಪಾಠ ಹೇಳಿದ ಮನುಷ್ಯ, ಆಮೇಲೆ ಅಮೆರಿಕದ ಸೆಮಿನಾರುಗಳಲ್ಲಿ ಈ ಆಟ ಆಡಿಸೋರು. ಡಬ್ಬೀಲಿ 3200 ಬಿಳಿ ಮಣಿ, 800 ಕೆಂಪು, 50 ಗುಳಿ ಇರೋ ಹಲಗೇಲಿ ಎತ್ತೋದು, ಕೆಂಪು ಬಂದ್ರೆ ಕೆಲಸಗಾರನ ತಪ್ಪು ಅಂತ ಬೈಯೋದು. ಅತ್ತಿಗೆ ಅಡುಗೆಮನೆಯಿಂದ ಬಿಳಿ ಅಲಸಂದೆ 400 ಕಾಳು, ಕೆಂಪು ಅಲಸಂದೆ 100 ಕಾಳು ಎಣಿಸಿ ಪಾತ್ರೆಗೆ ಹಾಕಿ ಕಲಸಿದ್ರು. "ಕಣ್ಣು ಮುಚ್ಚಿ 50 ಕಾಳು ತೆಗಿ ಅಣ್ಣ, ಒಂದೂ ಕೆಂಪು ಬರಬಾರದು" ಅಂದೆ. ಬಂದಿದ್ದು 14. ಅತ್ತಿಗೆ ಅಣ್ಣನ ದನೀಲೇ ಶುರು ಮಾಡಿದ್ರು, "ಗಮನ ಎಲ್ಲಿದೆ? ಕೂಲಿ ಹಿಡೀತೀನಿ!" ಕಾಳು ವಾಪಸ್ ಹಾಕಿ ಎರಡನೇ ಸಲ 8. "ನೋಡು, ಬೈದಿದ್ದಕ್ಕೆ ಸುಧಾರಿಸ್ತು." ಮೂರನೇ ಸಲ 11. ಅಣ್ಣ ನಾಲ್ಕನೇ ಸಲ ಕೈ ಹಾಕಲಿಲ್ಲ, ಪಾತ್ರೆ ಒಳಗೇ ನೋಡ್ತಾ ಕೂತ, ಆಮೇಲೆ "ಹಂಗಾದ್ರೆ ಕೆಂಪು ಕಾಳನ್ನೇ ಕಮ್ಮಿ ಮಾಡಬೇಕು ಅನ್ನು" ಅಂದ. ಆವತ್ತಿಂದ ಡೈ ಬಿಸಿಯ ಗುಂಡಿಗೆ ಅವನು ಕೈ ಹಾಕಿಲ್ಲ, ಮನಸ್ಸು ಮಾತ್ರ ಆಗಾಗ ತುರಿಸುತ್ತೆ.

ಗೆರೆ ದಾಟಿದ ದಿನ ಮೂರು ಇದ್ವು, 26, 24 ಮತ್ತೆ 23. ಅಲ್ಲಿ ಮಾತ್ರ ಏನಾಯ್ತು ಅಂತ ಹುಡುಕಬೇಕು. ಮೊದಲ ಎರಡೂ ಸೋಮವಾರ. ಉಳಿದ ಎರಡು ಸೋಮವಾರನೂ 19, 18, ಗೆರೆ ಒಳಗೆ ಆದ್ರೂ ಮೇಲೇ ಇದ್ವು. ಸೋಮವಾರ ಎಂತ ಬೇರೆ? ಶನಿವಾರ ಸಂಜೆ ಹುಡುಗ ಸೋಮವಾರಕ್ಕೆ ಅನುಕೂಲ ಆಗ್ಲಿ ಅಂತ ಹಾಳೆ ತೊಟ್ಟಿಗೆ ಹಾಕಿ ಹೋಗ್ತಿದ್ದ, ಭಾನುವಾರ ಪೂರ್ತಿ ಅದು ನೀರು ಕುಡಿದು ಉಬ್ಬಿರುತ್ತಿತ್ತು. ಪಾಪ, ಒಳ್ಳೆ ಮನಸ್ಸಿಂದ ಮಾಡಿದ್ದು. ಈಗ ಶನಿವಾರ ಮನೆಗೆ ಹೋಗೋ ಮುಂಚೆ ತೊಟ್ಟಿ ಬಿರಡೆ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಬೇಕು, ಮೊಳೆ ಖಾಲಿ ಇದ್ರೆ ಶೆಡ್ಡಿಗೆ ಬೀಗ ಹಾಕೋ ಹಾಗಿಲ್ಲ. 23 ಬಂದಿದ್ದು ಒಂದು ಗುರುವಾರ, ಅವತ್ತು ಕರೆಂಟ್ ಆರು ಸಲ ಹೋಗಿ ಬಂದಿತ್ತು, ಮಳೆಗಾಲದ ಮಲೆನಾಡಲ್ಲಿ ಇದು ಸುದ್ದಿನೇ ಅಲ್ಲ. ಕರೆಂಟ್ ಬಂದ ತಕ್ಷಣ ಡೈ ಕಾಯೋ ಮುಂಚೆನೇ ಒತ್ತಿದ ತಟ್ಟೆಗಳು ಅವು. ಎಚ್ಚರಿಕೆಯಿಂದ ಇರಿ ಅಂತ ಬೋರ್ಡ್ ಬರೆಯೋ ಬದಲು ಸಾಗರದ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಬಿಸಿ ಬರೋವರೆಗೂ ಪ್ರೆಸ್ ಇಳಿಯದ ಹಾಗೆ ವೈರಿಂಗ್ ಮಾಡಿಸಿದ್ವಿ. ಜಪಾನಿನೋರು ಇದಕ್ಕೆ ಪೋಕಾ ಯೋಕೆ ಅಂತಾರೆ, ಕೈ ತಪ್ಪಿದ್ರೂ ತಪ್ಪಾಗದ ಹಾಗೆ ಮಾಡೋದು.

ಆ ಮೂರು ದಿನ ತೆಗೆದು ಲೆಕ್ಕ ಹಾಕಿದ್ರೂ ಸರಾಸರಿ ಹತ್ತರ ಕೆಳಗೆ ಇಳೀಲಿಲ್ಲ. ಅಂದ್ರೆ ಐದಕ್ಕೊಂದು ತಟ್ಟೆ ಒದ್ದೆ, ಪಾತ್ರೆಯ ಕೆಂಪು ಅಲಸಂದೆ ಲೆಕ್ಕಾನೇ. ಇದಕ್ಕೆ ಯಾರದೂ ತಪ್ಪಿಲ್ಲ, ಕೆಲಸದ ಕ್ರಮನೇ ಹಂಗಿದೆ. ಪ್ರೆಸ್ಸಿಂದ ತೆಗೆದ ತಟ್ಟೆ ಬಿಸಿ ಬಿಸಿ ಇರುವಾಗ್ಲೇ ಒಂದರ ಮೇಲೊಂದು ಪೇರಿಸಿ, ಮಳೆಗಾಲದ ಗಾಳೀಲಿ ರಾತ್ರಿ ಬಿಟ್ಟು, ಬೆಳಿಗ್ಗೆ ಪ್ಯಾಕ್ ಮಾಡೋದು. ಇದು ಒಣಗೋದಲ್ಲ, ತಿರುಗಿ ನೆನೆಯೋದು. ಗಾಳಿಯ ತೇವ 90 ಪರ್ಸೆಂಟ್ ಇದ್ರೆ ಮರ ತಾನಾಗೇ 20ರ ಹತ್ತಿರ ನೀರು ಎಳ್ಕೊಂಡು ಕೂರುತ್ತೆ, ಹಾಳೇನೂ ಅದೇ ಜಾತಿ.

ಹೊಸ ಡ್ರೈಯರ್ ಬೇಕು ಅಂತ ನಾನು ಬಾಯಿ ತೆಗೆಯೋ ಮೊದ್ಲೇ ಅತ್ತಿಗೆ "ಅಡಿಕೆ ಡ್ರೈಯರ್ ಸುಮ್ನೆ ಕೂತಿದೆಯಲ್ಲ" ಅಂದ್ರು. ನಿಜ! ಕೊನೆ ಕೊಯ್ಲು ಶುರು ಆಗೋವರೆಗೂ ಸೌದೆ ಡ್ರೈಯರ್ ಒಳಗೆ ಬೆಕ್ಕು ಮರಿ ಹಾಕೋದು ಬಿಟ್ರೆ ಬೇರೆ ಕೆಲಸ ಇಲ್ಲ. ತಟ್ಟೆ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸೋಕೆ ಅಡಿಕೆ ದಬ್ಬೆಯ ಸ್ಟ್ಯಾಂಡ್ ಮಾಡಿ ಮೂರು ಗಂಟೆ ಇಟ್ವಿ. ಮೊದಲ ಸಲ ತೇವ 8ಕ್ಕೆ ಇಳೀತು, ಎಲ್ಲರಿಗೂ ಖುಷಿ, ಅತ್ತಿಗೆ ಒಂದು ತಟ್ಟೇಲಿ ಮೊಸರನ್ನ ಹಾಕ್ಕೊಂಡು ಒಂದು ತುತ್ತು ತಿಂದು "ಹೊಗೆ" ಅಂದ್ರು. ಹೊಗೆ ಕೊಳವೆಯ ಜೋಡಣೆ ಒಂದು ಕಡೆ ಬಿಟ್ಟಿತ್ತು. ಅಡಿಕೆಗೆ ಸ್ವಲ್ಪ ಹೊಗೆ ತಾಗಿದ್ರೆ ಯಾರೂ ಕೇಳಲ್ಲ, ತಟ್ಟೆಗೆ ಆಗಲ್ಲ. ಅವತ್ತಿನದು ಪೂರ್ತಿ ಒಲೆಗೆ ಹೋಯ್ತು. ಕೊಳವೆ ಬೆಸುಗೆ ಹಾಕಿಸಿದ ಮೇಲೆ ಸರಿಯಾಯ್ತು. ಡ್ರೈಯರಿಂದ ತೆಗೆದು ಅರ್ಧ ಗಂಟೆ ತಣಿಸಿ ಅವತ್ತೇ ಪ್ಯಾಕ್, ಬಿಸಿ ಇದ್ದಾಗ ಹಾಕಿದ್ರೆ ಕವರ್ ಒಳಗೆ ಬೆವರುತ್ತೆ, ರಾತ್ರಿ ಬಿಟ್ರೆ ಮತ್ತೆ ತೇವ ಎಳೆಯುತ್ತೆ.

ಮುಂದಿನ 24 ದಿನ 50ಕ್ಕೆ ಸರಾಸರಿ 3. ಮೇಲಿನ ಗೆರೆ 8ಕ್ಕೆ ಇಳೀತು, ಒಂದು ದಿನಾನೂ ದಾಟಲಿಲ್ಲ. ದೀಪಾವಳಿವರೆಗೆ ಬೂಷ್ಟಿಗೆ ಒಂದು ಬಾಕ್ಸೂ ವಾಪಸ್ ಬಂದಿಲ್ಲ. ಪ್ಯಾಕಿಂಗಿಗೆ ಹೆಚ್ಚಿಗೆ ಹಾಕಬೇಕಂತಿದ್ದ ಇಬ್ರು ಈಗ ಡ್ರೈಯರ್ ನೋಡ್ಕೊಳ್ತಾರೆ, ಸೌದೆ ಖರ್ಚು ಬಿತ್ತು, ಅದನ್ನ ಅಣ್ಣ ಈಗಲೂ ದಿನಕ್ಕೊಂದು ಸಲ ನೆನಪು ಮಾಡ್ತಾನೆ.

ಆದ್ರೆ ಸೀಳು ಜಾಸ್ತಿ ಆಯ್ತು. ಹೆಚ್ಚು ಒಣಗಿದ ಹಾಳೆ ಬಿರುಕು ಬಿಡೋದು ಸಹಜ, ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಎದ್ದೇ ಏಳುತ್ತೆ. 7ಕ್ಕಿಂತ ಕೆಳಗೆ ಹೋಗಬಾರದು ಅಂತ ಕೆಳಗೂ ಒಂದು ಗೆರೆ ಹಾಕಿದ್ವಿ, ಸ್ವಲ್ಪ ಕಮ್ಮಿ ಆಯ್ತು, ಪೂರ್ತಿ ಹೋಗಲಿಲ್ಲ. ಸಂಕ್ರಾಂತಿಗೆ ಹೋದಾಗ ನೋಡಿದ್ರೆ ಗೋಡೆಯ ಎಣಿಕೆ ಹಾಳೇಲಿ ನಾನು ಹಾಕದ ಒಂದು ಹೊಸ ಕಾಲಂ. ಮೂರನೇ ಪ್ರೆಸ್ಸಿನ ಅಕ್ಕ, ಅದೇ ಅವಸರದ ಅಕ್ಕ, ಸೀಳಿದ ತಟ್ಟೆ ಯಾರ ತೋಟದ ಹಾಳೆ ಅಂತ ಬರೆಯೋಕೆ ತಾನೇ ಗೆರೆ ಎಳ್ಕೊಂಡಿದ್ದಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಐದು ತೋಟದ ಹೆಸರು, ಮುಂದೆ ಗೀಟುಗಳು, ನಾಲ್ಕರ ಮುಂದೆ ಎರಡು ಮೂರು ಗೀಟು, ಒಂದರ ಮುಂದೆ ಜಾಗ ಸಾಲದೆ ಅಂಚಿಗೆ ಹೋಗಿದೆ. ಬಿದ್ದ ಹಾಳೆ ಹೊತ್ತಿಗೆ ಸರಿಯಾಗಿ ಆರಿಸದೆ ಬಿಸಿಲಲ್ಲಿ ಬಿಟ್ಟ ತೋಟ ಅದು.

ಅಣ್ಣನದೇ ತೋಟ. ಅತ್ತಿಗೆ ನೋಡಿದ್ದಾರೆ, ನಾನೂ ನೋಡಿದ್ದೀನಿ, ಅವನಿಗೆ ಯಾರು ಹೇಳೋದು ಅಂತ ಇನ್ನೂ ತೀರ್ಮಾನ ಆಗಿಲ್ಲ.